ಕಪಾಟಿನ ಬೆನ್ನಿಗೆ ಎರಡು ಬೆರಳು ಜಾಗ

ಈಗ ನಮ್ಮ ಅರಂತೋಡಿನಲ್ಲೂ ನೆಲದಿಂದ ಸೀಲಿಂಗ್‌ವರೆಗಿನ ವಾರ್ಡ್‌ರೋಬ್ ಬೇಕು ಎಲ್ಲರಿಗೂ. ನನಗೂ ಅದೇ ಆಸೆ. ಅಮ್ಮನ ರೇಷ್ಮೆ ಸೀರೆಗಳನ್ನೆಲ್ಲ ಅದರಲ್ಲೇ ಇಡಬೇಕಿತ್ತು.

“ಅಕ್ಕ, ಮಳೆಗಾಲದಲ್ಲಿ ಇಲ್ಲಿ ಗೋಡೆಯೇ ಬೆವರ್ತದೆ. ತಾಗಿಸಿ ಕೂರಿಸಿದ್ರೆ ಸೀರೆಗೆ ಬೂಷ್ಟು ಹಿಡೀತದೆ,” ಎಂದರು ಆಚಾರಿ. ಹಾಗಾಗಿ ಗೋಡೆಗೂ ಹಿಂಬದಿ ಹಲಗೆಗೂ ನಡುವೆ ಎರಡು ಬೆರಳು ಜಾಗ, ಅಡಿಗೆ ಗ್ರಾನೈಟ್, ಬಾಗಿಲಿಗೆ ಗಾಳಿಕಿಂಡಿ. ಒಳಗೆ 24 ಇಂಚು ಆಳ ಉಳಿಯಿತು, ಹ್ಯಾಂಗರ್‌ಗೆ ಅಷ್ಟು ಸಾಕು.

ಪ್ಲೈವುಡ್ ಕೊಳ್ಳುವಾಗ ಮುದ್ರೆ ನೋಡಿ ಮಾರಾಯ್ರೆ. ಐಎಸ್ 303ರ ಎಂಆರ್ ದರ್ಜೆ ಒಣ ಕೋಣೆಗೆ ಮಾತ್ರ. ಸಿಂಕಿನ ಕೆಳಗೆ ಐಎಸ್ 710 ಬೇಕು. ಕೊಯ್ದ ಅಂಚಿಗೆ ಪಟ್ಟಿ ಅಂಟಿಸಲೇಬೇಕು, ನೀರು ಕುಡಿಯುವುದೇ ಅಲ್ಲಿಂದ.

ಬಾಗಿಲುಗಳಿಗೆ ಮಾತ್ರ ತೋಟದ್ದೇ ಹಲಸು. ಈಗ ಹಳದಿ ಉಂಟು, ವರ್ಷ ಕಳೆದಂತೆ ಕಂದಾಗ್ತದೆ.