ಶಿಕ್ಷೆಯ ಪ್ರಮಾಣವೂ ಮಾರ್ಗಸೂಚಿಯೂ

ಒಂದೇ ಬಗೆಯ ಕಳವಿಗೆ ಒಂದು ನ್ಯಾಯಾಲಯ ಬರಿಯ ದಂಡವನ್ನೂ ಮತ್ತೊಂದು ಎರಡು ವರ್ಷಗಳ ಸೆರೆವಾಸವನ್ನೂ ವಿಧಿಸಿದರೆ, ಎರಡೂ ತೀರ್ಪುಗಳು ಕಾನೂನಿನ ಮಿತಿಯೊಳಗೇ ಇದ್ದರೂ ನ್ಯಾಯವಾಯಿತೆನ್ನಲು ನಮ್ಮ ಮನಸ್ಸು ಒಪ್ಪದು. ಈ ತಾರತಮ್ಯವನ್ನು ತಗ್ಗಿಸಲೆಂದು ಕೆಲವು ದೇಶಗಳು ಶಿಕ್ಷಾ ಮಾರ್ಗಸೂಚಿಗಳನ್ನು ರಚಿಸಿಕೊಂಡಿವೆ.

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಅವು 1987ರಲ್ಲಿ ಜಾರಿಗೆ ಬಂದವು. ಅಪರಾಧದ ಗುರುತ್ವಕ್ಕೆ 43 ಮಟ್ಟಗಳು, ಅಪರಾಧಿಯ ಪೂರ್ವಚರಿತ್ರೆಗೆ 6 ವರ್ಗಗಳು. ಇವೆರಡೂ ಕೂಡುವ ಮನೆಯಲ್ಲಿ ಸೆರೆವಾಸದ ಕನಿಷ್ಠ ಗರಿಷ್ಠ ತಿಂಗಳುಗಳು. ಆದರೆ ಜ್ಯೂರಿಯು ನಿರ್ಣಯಿಸದ ಸಂಗತಿಗಳ ಮೇಲೆ ಶಿಕ್ಷೆಯನ್ನು ಕಡ್ಡಾಯವಾಗಿ ಹೆಚ್ಚಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಮಾನಿಸಿತು. ಅಂದಿನಿಂದ ಆ ಕೋಷ್ಟಕ ಸಲಹೆಯ ರೂಪದಲ್ಲಿ ಉಳಿದಿದೆ.

ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ ನ್ಯಾಯಾಧೀಶನು ಮೊದಲು ಅಪರಾಧಿಯ ಹೊಣೆಯನ್ನೂ ಉಂಟಾದ ಹಾನಿಯನ್ನೂ ತೂಗಿ ಶಿಕ್ಷೆಯ ವ್ಯಾಪ್ತಿಯನ್ನು ಗೊತ್ತುಮಾಡುತ್ತಾನೆ. ಬಳಿಕ ಅದರೊಳಗೆ ಶಿಕ್ಷೆಯನ್ನು ಏರಿಸುವ, ಇಳಿಸುವ ಕಾರಣಗಳನ್ನು ಪರಿಗಣಿಸುತ್ತಾನೆ. ಮಾರ್ಗಸೂಚಿಯನ್ನು ಅನುಸರಿಸುವುದು ನ್ಯಾಯಕ್ಕೆ ಬಾಧಕವಾದರೆ ಮಾತ್ರ ಅದನ್ನು ಬಿಡಬಹುದು. ಬಿಟ್ಟರೆ ಕಾರಣ ಹೇಳಲೇಬೇಕು.

ನಮ್ಮ ದೇಶದಲ್ಲಿ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿಯು 2003ರಲ್ಲಿಯೇ ಇಂಥ ಮಾರ್ಗಸೂಚಿಗಳನ್ನು ಶಿಫಾರಸು ಮಾಡಿತು. ಆದರೂ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಸಾಮಾನ್ಯ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ ಎಂದಷ್ಟೇ ಹೇಳುತ್ತದೆ. ಆ ಮಿತಿಯೊಳಗಿನ ಆಯ್ಕೆ ನ್ಯಾಯಾಧೀಶನ ವಿವೇಚನೆಗೆ ಸೇರಿದ್ದು.

ವಿವೇಚನೆ ಬೇಡವೆಂದು ನಾವು ಹೇಳುವುದಿಲ್ಲ. ಹಸಿವಿನಿಂದ ಕದ್ದವನೂ ಕಳವನ್ನೇ ಕಸುಬಾಗಿಸಿಕೊಂಡವನೂ ಸಮಾನರಲ್ಲ. ಆದರೆ ಶಿಕ್ಷೆಗೊಳಗಾದವನು ‘ನನಗೆ ಇಷ್ಟೇಕೆ?’ ಎಂದು ಕೇಳಿದಾಗ ತೀರ್ಪಿನಲ್ಲಿಯೇ ಉತ್ತರ ದೊರೆಯಬೇಕು. ಮಾರ್ಗಸೂಚಿಯ ಮುಖ್ಯ ಪ್ರಯೋಜನ ಇದೇ ಎಂದು ನಾವು ಭಾವಿಸುತ್ತೇವೆ.