ಶಿರೂರಿನ ದಾರಿ, ಎತ್ತಿನ ಓಟ ಮತ್ತು ಸರಳರೇಖೆಯ ಲೆಕ್ಕ

ಪುಣೆಯಿಂದ ಅಹಿಲ್ಯಾನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 70 ಕಿ.ಮೀ. ಸಾಗಿದರೆ, ಘೋಡ್ ನದಿಯ ದಂಡೆಯ ಶಿರೂರು ಸಿಗುತ್ತದೆ. ಆ ಸೀಮೆಯ ಜಾತ್ರೆಗಳಲ್ಲಿ ‘ಬೈಲಗಾಡಾ ಶರ್ಯತ್’ ಎಂಬ ಎತ್ತಿನಗಾಡಿ ಓಟಕ್ಕೆ ಎಷ್ಟು ಮರ್ಯಾದೆಯೆಂದರೆ, ಲೋಕಸಭಾ ಚುನಾವಣೆಯಲ್ಲೂ ಅದರ ಮಾತು ಬರುತ್ತದೆ. ನೇರವಾದ ಏರುಹಾದಿ, ಒಂದು ಸಲಕ್ಕೆ ಒಂದೇ ಗಾಡಿ, ಪೈಪೋಟಿ ಗಡಿಯಾರದೊಂದಿಗೆ. ಸರಳರೇಖೆಯ ಚಲನೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಯಾವ ಕಾಲೇಜಿನಲ್ಲೂ ಇಲ್ಲ.

ತಪ್ಪು ಕಲ್ಪನೆ: ಸರಾಸರಿ ಜವ ಗೊತ್ತಾದರೆ ಓಟವೆಲ್ಲ ಗೊತ್ತಾದ ಹಾಗೆ.

ನಮ್ಮ ಕರಾವಳಿಯ ಕಂಬಳದಲ್ಲಿ ಇದೇ ಎಡವಟ್ಟು ದೇಶಕ್ಕೆಲ್ಲ ಸುದ್ದಿಯಾಯಿತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಮಾಧ್ಯಮದವರು ಭಾಗಿಸಿ, 100 ಮೀಟರಿಗೆ 9.55 ಸೆಕೆಂಡ್ ಎಂದರು; ಉಸೇನ್ ಬೋಲ್ಟ್‌ನ 9.58 ಹಿಂದೆ ಬಿತ್ತು! ಆದರೆ ಆ ಭಾಗಾಕಾರ ಸರಿಯಾಗಬೇಕಾದರೆ ಓಟ ಮೊದಲಿನಿಂದ ಕೊನೆಯವರೆಗೆ ಒಂದೇ ಜವದಲ್ಲಿ ಸಾಗಿರಬೇಕು. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್‌ಗೆ ಮೊದಲ 20 ಮೀಟರಿಗೇ 2.89 ಸೆಕೆಂಡ್ ಹಿಡಿದಿತ್ತು; 60ರಿಂದ 80ರವರೆಗಿನ 20 ಮೀಟರಿಗೆ 1.61 ಸಾಕಾಯಿತು. ನಿಂತಲ್ಲಿಂದ ಹೊರಡುವಾಗ ಆಗುವ ಈ ನಷ್ಟ 142 ಮೀಟರಿಗೆ ಹಂಚಿಹೋದರೆ ಹಗುರ, 100 ಮೀಟರಿಗೆ ಹಂಚಿದರೆ ಭಾರ. ಗೌಡರನ್ನು ಕೋಣಗಳು ಎಳೆದದ್ದು ಬೇರೆಯೇ ಮಾತು. ಓಟ ಅದ್ಭುತ, ಸಂದೇಹವಿಲ್ಲ. ಹೋಲಿಕೆ ಮಾತ್ರ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಹೋಗುವಾಗ 60, ಬರುವಾಗ 30 ಆದರೆ ಸರಾಸರಿ 45.

ಪುಣೆಯಿಂದ ಶಿರೂರಿಗೆ ಗಂಟೆಗೆ 60 ಕಿ.ಮೀ.ಯಂತೆ ಹೋದರೆ 70 ನಿಮಿಷ. ಮರಳುವಾಗ ವಾಘೋಲಿಯ ದಟ್ಟಣೆಗೆ ಸಿಕ್ಕಿ 30ಕ್ಕೆ ಇಳಿದರೆ 140 ನಿಮಿಷ. ಒಟ್ಟು 140 ಕಿ.ಮೀ., ಮೂರೂವರೆ ಗಂಟೆ. ಸರಾಸರಿ ಜವ 40. ನಿಧಾನದ ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವೆ, ಆದ್ದರಿಂದ ಸರಾಸರಿ ಅದರ ಕಡೆಗೇ ವಾಲುತ್ತದೆ. ಇನ್ನು ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯುವ ಸರಾಸರಿ ವೇಗ? ಹೊರಟಲ್ಲಿಗೇ ಬಂದದ್ದರಿಂದ ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗವೂ ಸೊನ್ನೆ. ಡೀಸೆಲ್ ಖರ್ಚು ಮಾತ್ರ ಸೊನ್ನೆಯಲ್ಲ.

ತಪ್ಪು ಕಲ್ಪನೆ: ವೇಗೋತ್ಕರ್ಷ ಋಣವಾದರೆ ಗಾಡಿ ನಿಧಾನವಾಗುತ್ತಿದೆ.

ಚಿಹ್ನೆ ಹೇಳುವುದು ದಿಕ್ಕನ್ನು. ಪುಣೆಯಿಂದ ಶಿರೂರಿನ ದಿಕ್ಕನ್ನು ಧನ ಎಂದಿಟ್ಟುಕೊಂಡರೆ, ಶಿರೂರಿನಿಂದ ಪುಣೆಗೆ ಹೊರಟು ಜವ ಏರಿಸುತ್ತಿರುವ ಎಸ್‌ಟಿ ಬಸ್ಸಿನ ವೇಗವೂ ಋಣ, ವೇಗೋತ್ಕರ್ಷವೂ ಋಣ. ಎರಡರ ಚಿಹ್ನೆ ಒಂದೇ ಆದರೆ ಜವ ಹೆಚ್ಚುತ್ತದೆ, ಬೇರೆಯಾದರೆ ತಗ್ಗುತ್ತದೆ.

ತಪ್ಪು ಕಲ್ಪನೆ: ವೇಗ ಸೊನ್ನೆಯಾದ ಕ್ಷಣದಲ್ಲಿ ವೇಗೋತ್ಕರ್ಷವೂ ಸೊನ್ನೆ.

ಮೇಲಕ್ಕೆಸೆದ ಚೆಂಡು ತುದಿ ಮುಟ್ಟಿದಾಗ ವೇಗವಿಲ್ಲ, ನಿಜ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಮೀ./ಸೆ.². ಅದೂ ಇಲ್ಲದೆ ಹಾಗೇ ಉಳಿದಿದ್ದರೆ ಚೆಂಡು ಅಲ್ಲೇ ಗಾಳಿಯಲ್ಲಿ ತೂಗಾಡಬೇಕಿತ್ತು.

ತಪ್ಪು ಕಲ್ಪನೆ: ಎರಡು ಗಾಡಿಗಳ ಜವ ಸಮವಾದಾಗ ಒಂದು ಇನ್ನೊಂದನ್ನು ಹಿಡಿದಿರುತ್ತದೆ.

ಜಾಣ ವಿದ್ಯಾರ್ಥಿಗಳೂ ಮುಗ್ಗರಿಸುವುದು ಇಲ್ಲಿ. ರಾಂಜಣಗಾವ್ ಕೈಗಾರಿಕಾ ಪ್ರದೇಶದ ಬಳಿ ನಿಂತ ಬಸ್ಸನ್ನು ಒಂದು ಲಾರಿ ಒಂದೇ ಸಮನೆ ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರಿನಂತೆ ದಾಟಿತೆನ್ನಿ. ಅದೇ ಕ್ಷಣ ಬಸ್ಸು ಹೊರಟು ಪ್ರತಿ ಸೆಕೆಂಡಿಗೆ 1 ಮೀ./ಸೆ. ಜವ ಏರಿಸಿಕೊಳ್ಳುತ್ತದೆ. ಹತ್ತನೆಯ ಸೆಕೆಂಡಿಗೆ ಎರಡರ ಜವವೂ ಸಮ. ಆದರೆ ಲಾರಿ ಆಗ 100 ಮೀಟರ್ ಹೋಗಿದೆ, ಬಸ್ಸು 50 ಮಾತ್ರ. ನಡುವಿನ ಅಂತರ ಅತಿ ಹೆಚ್ಚಿರುವುದೇ ಆ ಗಳಿಗೆಯಲ್ಲಿ! ಅಲ್ಲಿಯವರೆಗೆ ಲಾರಿಯ ಜವವೇ ಹೆಚ್ಚಾಗಿದ್ದರಿಂದ ಅಂತರ ಬೆಳೆಯುತ್ತಿತ್ತು, ಅಲ್ಲಿಂದಾಚೆಗೆ ಕುಗ್ಗತೊಡಗುತ್ತದೆ. ಇಪ್ಪತ್ತನೆಯ ಸೆಕೆಂಡಿಗೆ ಎರಡೂ 200 ಮೀಟರಿನ ಗುರುತಿನಲ್ಲಿ ಜೊತೆಯಾಗುತ್ತವೆ. ಆಗ ಬಸ್ಸಿನ ಜವ ಗಂಟೆಗೆ 72 ಕಿ.ಮೀ., ಲಾರಿಯದ್ದರ ಸರಿಯಾಗಿ ಎರಡರಷ್ಟು. ಬಸ್ಸಿನ ವೇಗೋತ್ಕರ್ಷ ಅರ್ಧವಾಗಿದ್ದರೆ ಹಿಡಿಯಲು 40 ಸೆಕೆಂಡ್ ಬೇಕಾಗುತ್ತಿತ್ತು, ಜವ ಆಗಲೂ 72.