ಅಂಗಳದ ಢಾಂ: ಕಾರ್ಬೈಡ್, ಸುಣ್ಣ ಮತ್ತು ಬಾಳೆದಿಂಡಿನ ಬಿರಡೆ

ಶಬ್ದ ಎಬ್ಬಿಸುವ ಚಪಲ ನಮ್ಮ ಅಂಗಳಗಳಿಗೆ ಹೊಸತಲ್ಲ. ಹಲಸಿನ ಬೇಳೆಯನ್ನು ಸಿಪ್ಪೆ ಸೀಳದೆ ಕೆಂಡಕ್ಕೆ ಹಾಕಿ, ಒಲೆ ಬುಡದಲ್ಲಿ ಕೂತ ಅಜ್ಜಿ ಬೆಚ್ಚಿ ಬೀಳುವಂತೆ ಮಾಡದ ಮಕ್ಕಳು ಹಳ್ಳಿಯಲ್ಲಿ ಕಡಿಮೆ. ಹಸಿ ಬಿದಿರಿನ ಗಂಟು ಬೆಂಕಿಯಲ್ಲಿ ಸಿಡಿಯುವುದು, ಬೀಗದ ಕೈಯ ತೂತಿಗೆ ಕಡ್ಡಿಮದ್ದು ತುಂಬಿ ಗೋಡೆಗೆ ಬಡಿಯುವುದು, ಜಾತ್ರೆಯ ಕದೋನಿಗೆ ಕಿವಿ ಮುಚ್ಚಿ ಕಾಯುವುದು, ಎಲ್ಲವೂ ಒಂದೇ ಸಾಲಿನವು. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಸೇರಿದ್ದು ಮಂಗ ಓಡಿಸಲೆಂದು ತೋಟಕ್ಕೆ ಬಂದ ಕಾರ್ಬೈಡ್ ಕೋವಿ.

ನೆಂಟರಿಷ್ಟರು ಸೇರಿದಾಗ "ಒಂದು ಹೊಡೆದು ತೋರಿಸಿ ನೋಡುವ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಢಾಂ ಎಂದಾಗ ಒಂದು ಕ್ಷಣ ಮೌನ, ಆಮೇಲೆ ಎಲ್ಲರದ್ದೂ ನಗೆ. ಇದರಲ್ಲಿ ಗಮ್ಮತ್ತು ಇಲ್ಲ ಎಂದರೆ ಸುಳ್ಳಾದೀತು.

ಆದರೆ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮತ್ತು ಸುತ್ತಲಿನ ಊರುಗಳಲ್ಲಿ ಇದೇ ಕೋವಿಯಿಂದ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಹೆಚ್ಚಿನವರು ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ಹಾಗಾದರೆ ಮಜವನ್ನೂ ಉಳಿಸಿಕೊಂಡು ಕಣ್ಣನ್ನೂ ಉಳಿಸಿಕೊಳ್ಳುವುದು ಹೇಗೆ? ಅದಕ್ಕೆ ಒಳಗೆ ಏನಾಗುತ್ತದೆ ಎಂದು ತಿಳಿಯುವುದೇ ದಾರಿ.

ಎಸೆದ ಕಸದಿಂದ ಬಂದ ಗ್ಯಾಸು

ಕಾರ್ಬೈಡ್ ಮಾರುಕಟ್ಟೆಗೆ ಬಂದದ್ದೇ ಒಂದು ಆಕಸ್ಮಿಕದಿಂದ. 1892ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಥಾಮಸ್ ವಿಲ್ಸನ್ ಎಂಬಾತ ಅಲ್ಯೂಮಿನಿಯಂ ಮಾಡುವ ಸುಲಭ ದಾರಿ ಹುಡುಕುತ್ತಿದ್ದ. ಸುಣ್ಣ ಮತ್ತು ಡಾಂಬರನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದಾಗ ಸಿಕ್ಕಿದ್ದು ಯಾವುದೋ ಗಟ್ಟಿ ವಸ್ತು. ನೀರಿಗೆ ಹಾಕಿದರೆ ಗುಳುಗುಳು ಗ್ಯಾಸು! ಕಿಡಿ ತಾಗಿಸಿದರೆ ಮಸಿ ಕಾರುತ್ತಾ ಉರಿಯಿತು. ಅದೇ ಅಸಿಟಿಲೀನ್. ಮುಂದೆ ಸೈಕಲ್ ದೀಪ, ಗಣಿ ಕೆಲಸಗಾರರ ತಲೆದೀಪ, ವೆಲ್ಡಿಂಗ್ ಎಲ್ಲದಕ್ಕೂ ಇದೇ ಬಂತು.

ಒಂದು ಕಿಲೋ ಒಳ್ಳೆ ಕಾರ್ಬೈಡ್ ಸುಮಾರು 300 ಲೀಟರ್ ಗ್ಯಾಸು ಕೊಡುತ್ತದೆ. ಹಿಂದೆ ಉಳಿಯುವುದು ಬಿಳಿ ಕೆಸರು, ಅಂದರೆ ನಮ್ಮ ಅದೇ ನೀರು ಸುಣ್ಣ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬೆಳ್ಳುಳ್ಳಿಯಂಥ ನಾತ ಬರುವುದು ಅಸಿಟಿಲೀನಿನದ್ದಲ್ಲ, ಕಾರ್ಬೈಡಿನಲ್ಲಿ ಬೆರೆತ ಕಲ್ಮಶದಿಂದ ಹುಟ್ಟುವ ಫಾಸ್ಫೀನಿನದ್ದು. ಹಣ್ಣು ಮಾಗಿಸಲು ಕಾರ್ಬೈಡ್ ನಿಷೇಧಿಸಿದ್ದಕ್ಕೆ ಇಂಥ ಕಲ್ಮಶಗಳೂ ಒಂದು ಕಾರಣ.

ಹಾಲಿನ ಕ್ಯಾನಿನ ಹಬ್ಬ

ಕಾರ್ಬೈಡ್ ಶಬ್ದವನ್ನು ಊರ ಹಬ್ಬವನ್ನಾಗಿ ಮಾಡಿಕೊಂಡವರು ನೆದರ್ಲೆಂಡ್ಸಿನ ರೈತರು. ಡಿಸೆಂಬರ್ 31ರಂದು ಅಲ್ಲಿನ ಉತ್ತರ ಮತ್ತು ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಂದಿ, ನೆರೆಕರೆಯವರು ಹಳೆ ಹಾಲಿನ ಕ್ಯಾನುಗಳನ್ನು ಹೊಲದಲ್ಲಿ ಸಾಲಾಗಿ ಮಲಗಿಸುತ್ತಾರೆ. ಒಳಗೆ ಕಾರ್ಬೈಡ್ ಚೂರು ಮತ್ತು ನೀರು. ಬೆಂಕಿ ತೋರಿಸಿದರೆ ಮುಚ್ಚಳ ದೂರಕ್ಕೆ ಹಾರುತ್ತದೆ. ಹೆಸರು 'ಕಾರ್ಬಿಡ್‌ಸ್ಖೀಟನ್', ಕಾರ್ಬೈಡ್ ಹೊಡೆಯುವುದು ಎಂದೇ ಅರ್ಥ. ಡ್ರೆಂಥ ಪ್ರಾಂತ್ಯದಲ್ಲಂತೂ ಇದು ದೊಡ್ಡ ಸಂಭ್ರಮ.

ಅವರಿಂದ ಕಲಿಯಬೇಕಾದದ್ದು ಹೊಡೆಯುವುದನ್ನಲ್ಲ, ಕಾಯುವುದನ್ನು. ಕಬ್ಬಿಣದ ಮುಚ್ಚಳದ ಬದಲು ಈಗ ಹಲವರು ಫುಟ್ಬಾಲ್ ಸಿಕ್ಕಿಸುತ್ತಾರೆ. ತಾಗಿದರೂ ತಲೆ ಒಡೆಯದು. ಕ್ಯಾನಿನ ಮುಂದೆ ಖಾಲಿ ಹೊಲ ಬಿಡುತ್ತಾರೆ, ನೋಡುವವರು ಹಿಂದೆ. ಎಷ್ಟು ದೂರ, ಎಷ್ಟು ಗಂಟೆಯವರೆಗೆ ಎಂದು ಹಲವು ಕಡೆ ಸ್ಥಳೀಯ ಆಡಳಿತದ ನಿಯಮವೂ ಇದೆ. ಅಷ್ಟಾದರೂ ಅಲ್ಲಿ ಅಪಘಾತ ಪೂರ್ತಿ ನಿಂತಿಲ್ಲ.

ಪೈಪಿನ ಕೋವಿ: ತೊಂದರೆ ಎಲ್ಲಿ?

ನಮ್ಮಲ್ಲಿ ಸುದ್ದಿಯಾದ ಕೋವಿ ಪಿವಿಸಿ ಪೈಪಿನದು. ನೀರು ಹರಿಸಲು ಮಾಡಿದ ಪೈಪು ಅದು, ಸ್ಫೋಟ ತಡೆಯಲಿಕ್ಕಲ್ಲ. ಸಿಡಿದರೆ ಚೂಪು ಚೂರಾಗುತ್ತದೆ.

ಎರಡನೆಯದು, ಅಸಿಟಿಲೀನಿನ ಗುಣ. ನಮ್ಮ ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಇದ್ದರೆ ಮಾತ್ರ ಸಿಡಿಯುತ್ತದೆ. ಹೆಚ್ಚಾದರೂ ಇಲ್ಲ, ಕಡಿಮೆಯಾದರೂ ಇಲ್ಲ. ಅಸಿಟಿಲೀನ್ ಹಾಗಲ್ಲ ಮಾರಾಯ್ರೇ, ಶೇಕಡಾ ಎರಡೂವರೆಯಿಂದ ಎಂಬತ್ತರವರೆಗೂ ಅದು ಸಿಡಿಯಲು ತಯಾರು. "ಗ್ಯಾಸು ಜಾಸ್ತಿಯಾಗಿ ಹೊತ್ತಲಿಲ್ಲ, ಇನ್ನು ಭಯ ಇಲ್ಲ" ಎಂಬ ಲೆಕ್ಕ ಇದಕ್ಕೆ ಹೊಂದುವುದೇ ಇಲ್ಲ.

ಮೂರನೆಯದೇ ಮುಖ್ಯ. ಕೋವಿ ಒಮ್ಮೆ ಹೊತ್ತುವುದಿಲ್ಲ. ಏನಾಯಿತು ಎಂದು ಹುಡುಗ ನಳಿಗೆಯೊಳಗೆ ಇಣುಕುತ್ತಾನೆ. ಗ್ಯಾಸು ಹುಟ್ಟುತ್ತಲೇ ಇರುತ್ತದೆ. ಅಷ್ಟರಲ್ಲಿ ಢಾಂ. ಕಣ್ಣಿಗೆ ಬೆಂಕಿ, ಪ್ಲಾಸ್ಟಿಕ್ ಚೂರು, ಜತೆಗೆ ಆ ಸುಣ್ಣದ ಕೆಸರು, ಮೂರೂ ಒಟ್ಟಿಗೆ. ಇದರಲ್ಲಿ ಕೊನೆಯದು ನಿಧಾನದ ಶತ್ರು. ಕ್ಷಾರ ಕಣ್ಣಿನ ಪದರಗಳನ್ನು ಕರಗಿಸುತ್ತಾ ಒಳಗೆ ಇಳಿಯುತ್ತದೆ.

ಮಂಗ ಓಡಿಸುವ ವಿಷಯ? ಬರೀ ಶಬ್ದ ದಿನವೂ ಕೇಳಿದರೆ ಅವು ಅಭ್ಯಾಸ ಮಾಡಿಕೊಳ್ಳುತ್ತವೆ. ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥದ್ದಕ್ಕೆ ಕಣ್ಣು ಪಣವಿಡುವುದು ಲಾಭದ ವ್ಯಾಪಾರವಲ್ಲ. ಕಾರ್ಬೈಡಿನ ಸಂಗ್ರಹ, ಮಾರಾಟಕ್ಕೆ 1987ರಿಂದ ಪ್ರತ್ಯೇಕ ನಿಯಮಗಳೇ ಇವೆ, ಮಕ್ಕಳ ಆಟಿಕೆಯ ವಸ್ತು ಅದಲ್ಲ.

ಸುಣ್ಣವೂ ಕಡಿಮೆಯದಲ್ಲ

ಬೋರ್ಡೋ ಮಾಡುವ ಮನೆಗಳಲ್ಲಿ ಪ್ರತಿ ಮಳೆಗಾಲವೂ ಒಂದು ದೊಡ್ಡ ರಸಾಯನ ಪ್ರಯೋಗ ನಡೆಯುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಬುಸುಗುಟ್ಟಿ ಕುದಿಯುವುದನ್ನು ನೋಡಲು ಮಕ್ಕಳು ಸುತ್ತ ಸೇರುತ್ತಾರೆ. ಒಂದು ಕಿಲೋ ಸುಟ್ಟ ಸುಣ್ಣ ಬೇಯುವಾಗ ಹೊರಬೀಳುವ ಬಿಸಿ ಮೂರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಒಲೆ ಇಲ್ಲ, ಸೌದೆ ಇಲ್ಲ!

ತೋರಿಸಿ, ಖಂಡಿತ ತೋರಿಸಿ. ಆದರೆ ಅಗಲ ಬಾಯಿಯ ಪಾತ್ರೆಯಲ್ಲಿ, ಮಕ್ಕಳನ್ನು ಎರಡು ಮಾರು ದೂರ ನಿಲ್ಲಿಸಿ. ಸುಣ್ಣಕ್ಕೆ ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಮುಚ್ಚಳದ ಡಬ್ಬದಲ್ಲಿ ಬೇಯಿಸಿದರೆ ಆವಿ ದಾರಿ ಕಾಣದೆ ಡಬ್ಬವನ್ನೇ ಒಡೆದೀತು. ಎಲೆಯಡಿಕೆಯ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಚುಕಿ ಕಣ್ಣಿಗೆ ಸಿಡಿಸಿಕೊಳ್ಳುವುದು ನಮ್ಮ ದೇಶದ ಕಣ್ಣಿನ ಆಸ್ಪತ್ರೆಗಳಿಗೆ ಹೊಸ ಸಂಗತಿಯಲ್ಲ. ಹರಿವಾಣದ ಸುಣ್ಣ ಕೈಗೆಟುಕದ ಎತ್ತರದಲ್ಲಿ ಇರಲಿ.

ರಜೆಗೊಂದು ನಿರಪಾಯ 'ಢಬ್'

ಬೆಂಕಿಯಿಲ್ಲದೆ ಶಬ್ದ ಬೇಕೇ? ಅಡುಗೆ ಮನೆಯಲ್ಲೇ ಇದೆ.

ಅರ್ಧ ಲೀಟರಿನ ತೆಳು ಪ್ಲಾಸ್ಟಿಕ್ ಬಾಟಲಿಗೆ ನಾಲ್ಕೈದು ಲಿಂಬೆಯ ರಸ ಹಿಂಡಿ. ಒಂದು ಚಹಾ ಚಮಚ ಅಡುಗೆ ಸೋಡಾವನ್ನು ತೆಳು ಕಾಗದದಲ್ಲಿ ಸುತ್ತಿ ಒಳಗೆ ಬಿಡಿ. ಬಾಯಿಗೆ ಬಾಳೆದಿಂಡಿನ ಬಿರಡೆಯನ್ನು ಹಗುರಾಗಿ ಸಿಕ್ಕಿಸಿ, ಬಾಟಲಿಯನ್ನು ಮರಳಲ್ಲಿ ನೆಟ್ಟಗೆ ಊರಿ ಹಿಂದೆ ಸರಿಯಿರಿ. ಐದು ಗ್ರಾಂ ಸೋಡಾದಿಂದ ಸುಮಾರು 1.4 ಲೀಟರ್ ಇಂಗಾಲಾಮ್ಲ ಹುಟ್ಟಬೇಕು. ಅರ್ಧ ಲೀಟರಿನ ಬಾಟಲಿಗೆ ಅದು ಹಿಡಿಸುವುದು ಹೇಗೆ? ಬಿರಡೆ ಢಬ್ಬೆಂದು ಆಕಾಶಕ್ಕೆ!

ಇಲ್ಲಿಂದ ಮಕ್ಕಳೇ ವಿಜ್ಞಾನಿಗಳು. ಲಿಂಬೆ ಬದಲು ಬಿಂಬುಳಿ ರಸ ಹಾಕಿದರೆ? ಪುನರ್ಪುಳಿಯಾದರೆ? ಯಾವುದು ಎತ್ತರಕ್ಕೆ ಹಾರಿತು, ಯಾವುದು ಬೇಗ ಹಾರಿತು ಎಂದು ಪುಸ್ತಕದಲ್ಲಿ ಬರೆಯಲಿ. ಪುನರ್ಪುಳಿಗೆ ಸೋಡಾ ಹೆಚ್ಚಾದರೆ ಕೆಂಪು ಬಣ್ಣವೇ ಬದಲಾಗುವುದನ್ನೂ ನೋಡಲಿ. ದೊಡ್ಡಪ್ಪ, ಚಿಕ್ಕಮ್ಮ, ಪಕ್ಕದ ಮನೆಯವರು ಒಬ್ಬೊಬ್ಬರು ಒಂದೊಂದು ರಸದ ಪರವಾಗಿ ಪಂಥ ಕಟ್ಟಿದರೆ ಸಂಜೆ ಕಳೆದದ್ದೇ ಗೊತ್ತಾಗದು.

ಎರಡೇ ಷರತ್ತು. ತಿರುಪಿನ ಮುಚ್ಚಳ ಹಾಕಬೇಡಿ, ಗಾಜಿನ ಬಾಟಲಿ ಬೇಡವೇ ಬೇಡ. ಹಾರದಿದ್ದರೆ ಬಗ್ಗಿ ನೋಡುವುದಿಲ್ಲ, ಉದ್ದ ಕೋಲಿನಿಂದ ದೂಡಿ ಬೀಳಿಸುವುದು. ಸೋಡಾ ಕನ್ನಡಕ ಇಲ್ಲದಿದ್ದರೂ ಸ್ಕೂಟರಿನ ಹೆಲ್ಮೆಟ್ಟು ಇದ್ದೇ ಇದೆಯಲ್ಲ, ಗಾಜು ಇಳಿಸಿಕೊಳ್ಳಿ.

ಯಾವ ಪ್ರಯೋಗಕ್ಕೂ ಮೊದಲು ಮಕ್ಕಳಿಂದ ಎರಡು ಪ್ರಶ್ನೆ ಕೇಳಿಸಿ: ಬಾಯಿ ಮುಚ್ಚಿರುವುದು ಯಾವುದು? ಅದು ಹಾರಿದರೆ ಎಲ್ಲಿಗೆ? ಉತ್ತರ ಗೊತ್ತಿಲ್ಲದಿದ್ದರೆ ಆ ಪ್ರಯೋಗ ಅಂದು ಬೇಡ.

ಕಣ್ಣಿಗೆ ಸುಣ್ಣ, ಕಾರ್ಬೈಡ್ ಬಿದ್ದರೆ

* ಒಂದು ಕ್ಷಣವೂ ಕಾಯದೆ, ಇದ್ದಲ್ಲೇ ಶುದ್ಧ ನೀರಿನಿಂದ ತೊಳೆಯಲು ಸುರು ಮಾಡಿ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ ಅರ್ಧ ಗಂಟೆ ನೀರು ಹರಿಸಿ.
* ಉಜ್ಜಬಾರದು. ಹಾಲು, ತುಪ್ಪ, ಎಣ್ಣೆ, ಲಿಂಬೆರಸ ಯಾವುದೂ ಬೇಡ.
* ತೊಳೆದ ಮೇಲೆ ನೇರ ಕಣ್ಣಿನ ವೈದ್ಯರ ಬಳಿಗೆ. ರೆಪ್ಪೆಯಡಿ ಸುಣ್ಣದ ಕಣ ಉಳಿದರೆ ಅದು ಸುಡುತ್ತಲೇ ಇರುತ್ತದೆ. ನೋವು ಕಡಿಮೆಯಾಯಿತೆಂದು ಬಿಡಬೇಡಿ.
* ಚೂರು ಚುಚ್ಚಿಕೊಂಡಿದ್ದರೆ ಕೀಳಬೇಡಿ, ಒತ್ತಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.